ಗೇಟಿನೊಳಗಿನ ಟಗರಿಗೆ, ಗೇಟಿನಾಚೆಯ ಎಂ.ಟೆಕ್ ಪದವೀಧರೆಯ ಅರಿಕೆ

ಕೊಟ್ಟೂರು ಹೊರವಲಯದ ಸೋಲಾರ್ ಪ್ಲಾಂಟಿನಲ್ಲಿ ಹುಲ್ಲು ನಿರ್ವಹಣೆಯ ಹೊಣೆ ಹೊತ್ತು, ಕುರಿಗಾಹಿ ಹಾಲೇಶಪ್ಪನವರ ಹಿಂಡನ್ನು ಕೊರಳ ಗಂಟೆಯೊಂದರಿಂದಲೇ ಮುನ್ನಡೆಸುತ್ತಿರುವ ಶ್ರೀ ಟಗರಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಉಣ್ಣೆ, ಕೊಂಬು ಹಾಗೂ ಜೀರ್ಣಶಕ್ತಿ ಕ್ಷೇಮವಾಗಿರಲೆಂದು ಹಾರೈಸುತ್ತಾ, ಶುದ್ಧ ಇಂಧನ ವಿಷಯದಲ್ಲಿ ಎಂ.ಟೆಕ್ ಮುಗಿಸಿ ಅದೇ ಪ್ಲಾಂಟಿನ ಗೇಟಿನ ಹೊರಗೆ ಬೇವಿನ ಮರದಡಿ ಕುಳಿತಿರುವ ಮಾಲಾ ಮಾಡುವ ನಮಸ್ಕಾರಗಳು.

ತಾವು ಮೇಯುತ್ತಿರುವ ಜಾಗದ ಬಡಗಣ ಮೂಲೆ ನಮ್ಮ ಹೊಲ. ಕಂಪನಿಯವರು ಅದನ್ನು ಗುತ್ತಿಗೆಗೆ ಪಡೆಯುವಾಗ, ಮಗಳನ್ನು ಇದೇ ವಿಷಯ ಓದಿಸಿದರೆ ಕೆಲಸ ಮನೆ ಬಾಗಿಲಲ್ಲೇ ಇದೆ ಎಂದು ನಮ್ಮ ತಂದೆ ಉಚ್ಚಂಗೆಪ್ಪನವರಿಗೆ ಹೇಳಿದ್ದರು. ಅಪ್ಪ ನಂಬಿದರು, ನಾನು ಓದಿದೆ. ಪದವಿ ಹಿಡಿದು ಬಂದಾಗ ಮ್ಯಾನೇಜರ್ ಸೋಮಶೇಖರ್ ಅವರು ಚಹಾ ಕುಡಿಸಿ, "ಓದು ಚಲೋ ಐತಮ್ಮ, ಆದ್ರ ಪ್ಲಾಂಟಿನಾಗ ಕೆಲಸ ಮಾಡಿದ ಅನುಭವ ಇಲ್ಲಲ್ಲ" ಎಂದರು. ಅನುಭವ ಬರಲು ಒಳಗೆ ಹೋಗಬೇಕು, ಒಳಗೆ ಹೋಗಲು ಅನುಭವ ಬೇಕು. ಈ ನಿಯಮ ನನಗೆ ಅರ್ಥವಾಗುವಷ್ಟರಲ್ಲಿ ತಾವು ಸಪರಿವಾರ ನೇಮಕಗೊಂಡಿರಿ.

ತಮ್ಮ ಅರ್ಹತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಪೆಟ್ರೋಲ್ ಕುಡಿಯದೆ, ಬಿಡಿಭಾಗ ಬೇಡದೆ, ಹುಲ್ಲು ಕತ್ತರಿಸಿದ ಮೇಲೆ ಅದನ್ನು ತಾನೇ ವಿಲೇವಾರಿ ಮಾಡುವ ಯಂತ್ರವನ್ನು ನಮ್ಮ ಪ್ರಾಧ್ಯಾಪಕರು ಕನಸಿನಲ್ಲೂ ಕಂಡಿರಲಿಲ್ಲ. ತಾವು ಹೊರಬಿಡುವ ಮೀಥೇನ್ ಬಗ್ಗೆ ನಮಗೊಂದು ಪಾಠವೇ ಇತ್ತಾದರೂ, ಸೌಜನ್ಯಕ್ಕಾಗಿ ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ತಾವು ಬಂದೊಡನೆ ಸೆಕ್ಯೂರಿಟಿ ಹಂಪೇಶ್ ಎದ್ದು ನಿಂತು ಗೇಟು ತೆರೆಯುತ್ತಾನೆ. ಹೈಸ್ಕೂಲಿನಲ್ಲಿ ನನ್ನ ಪಕ್ಕದ ಬೆಂಚಿನವನಾದ ಅವನು ನನ್ನನ್ನು ಮಾತ್ರ ಗುರುತಿನ ಚೀಟಿ ಕೇಳುತ್ತಾನೆ. ಇದನ್ನು ಕಂಡ ನಮ್ಮಮ್ಮ ಗಾಳೆಮ್ಮ, "ಹೊಲಾನೂ ಒಳಗೈತಿ, ಕುರಿನೂ ಒಳಗದಾವು, ನೀ ಒಬ್ಬಾಕಿ ಯಾಕ ಹೊರಗದೀ?" ಎಂದು ಕೇಳಿದಳು. ನಿಜ ಹೇಳುತ್ತೇನೆ, ಆ ದಿನ ತಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಆದರೂ ಓದಿದ ಕಣ್ಣು ಸುಮ್ಮನಿರಲಿಲ್ಲ. ನನ್ನ ಪ್ರಬಂಧದ ವಿಷಯ ಸೋಲಾರ್ ಪ್ಲೇಟುಗಳ ಮೇಲೆ ಕೂರುವ ಧೂಳು. ಬೆಳಗ್ಗೆ ಆಳುಗಳು ಒಂದು ಸಾಲು ಪ್ಲೇಟು ತೊಳೆದು ಹೋಗುವುದು, ಬಿಸಿಲೇರಿ ನೆಲ ಒಣಗಿದ ಮೇಲೆ ತಾವು ಅದೇ ಸಾಲಿಗೆ ದಯಮಾಡಿಸಿ ಮಣ್ಣು ಕೆದರಿ, ತೊಳೆದದ್ದನ್ನೆಲ್ಲ ಧೂಳು ಮಾಡಿ ತೆರಳುವುದು ಬೇಲಿಯಾಚೆಯಿಂದಲೇ ಕಾಣುತ್ತಿತ್ತು. ಮ್ಯಾನೇಜರರಿಗೆ ಹೇಳಿ ಕಳಿಸಿದೆ. ಅನುಭವವಿಲ್ಲದವರ ಸಲಹೆ ಅವರ ಮೇಜಿನವರೆಗೆ ಮುಟ್ಟಲಿಲ್ಲ. ಕೊನೆಗೆ ಹಾಲೇಶಪ್ಪನವರಿಗೇ ಹೇಳಿದೆ. "ನಾಳೆ ತೊಳಿಯೋ ಸಾಲಿನಾಗ ಇವತ್ತ ಮೇಯಿಸಬೇಕು, ಅಷ್ಟ ಅಲ್ಲೇನವ್ವಾ?" ಎಂದು ಅವರು ಮರುದಿನವೇ ತಾವು ಮೇಯುವ ಪಥ ಬದಲಿಸಿದರು.

ಕರೆಂಟ್ ಉತ್ಪಾದನೆ ಏರಿತು. ಸೋಮಶೇಖರ್ ಅವರು ಗಂಟೆ ಕಟ್ಟಿದ ತಮ್ಮ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, "ಟಗರಿನ ಕಾಲ್ಗುಣ ನೋಡ್ರಿ!" ಎಂದು ಫೋಟೋ ತೆಗೆಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಧೂಳೆಬ್ಬಿಸಿದ ಕಾಲುಗಳಿಗೇ ಈ ಕೀರ್ತಿ ಸಂದದ್ದನ್ನು ಹಂಪೇಶನಿಂದ ಕೇಳಿ ನಾನು ಗೇಟಿನ ಹೊರಗಿನಿಂದಲೇ ಚಪ್ಪಾಳೆಯನ್ನೂ ತಟ್ಟಿದೆ. ಹಾರವನ್ನು ತಾವು ಅಲ್ಲೇ ತಿಂದು ಮುಗಿಸಿದಿರೆಂದು ತಿಳಿಯಿತು.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ನಾನು ತಮ್ಮ ಕೈಕೆಳಗೆ, ಅಂದರೆ ಕಾಲಡಿಯ ಧೂಳಿನ ವಿಷಯದಲ್ಲಿ, ದುಡಿದಿದ್ದೇನೆಂದು ಒಂದು ಅನುಭವ ಪತ್ರಕ್ಕೆ ಗೊರಸು ಒತ್ತಿ ಕೊಡಬೇಕು. ಅದು ಕಷ್ಟವಾದರೆ ನನ್ನನ್ನೇ ಹಿಂಡಿಗೆ ಸೇರಿಸಿಕೊಳ್ಳಬಹುದು. ಹಾಲೇಶಪ್ಪನವರ ಕಂಬಳಿ ಹೊದ್ದು, ತಲೆ ತಗ್ಗಿಸಿ, ಸಾಲಿನ ಕೊನೆಯಲ್ಲಿ ಬರಲು ಸಿದ್ಧಳಿದ್ದೇನೆ. ಹುಲ್ಲು ತಿನ್ನುವ ವಿಷಯದಲ್ಲಿ ಮಾತ್ರ ಮೊದಮೊದಲು ಸ್ವಲ್ಪ ರಿಯಾಯಿತಿ ಇರಲಿ.

ಬೇಲಿಯ ಈಚೆ ಬದಿಯಿಂದ,
ತಮ್ಮ ವಿಶ್ವಾಸಿ,
ಮಾಲಾ ಉಚ್ಚಂಗೆಪ್ಪ, ಎಂ.ಟೆಕ್

ಮರೆತಿದ್ದ ಮಾತು: ಹಾಲೇಶಪ್ಪನವರೊಡನೆ ಮಾತಾಡಿದ್ದೇನೆ. ಸೋಮವಾರದಿಂದ ತಾವು ಮೊದಲಿನಂತೆ, ತೊಳೆದ ಸಾಲಿಗೇ, ಬಿಸಿಲೇರಿದ ಮೇಲೆಯೇ ದಯಮಾಡಿಸಬೇಕು. ಕರೆಂಟ್ ಇಳಿದಾಗ ಮ್ಯಾನೇಜರರು ಟಗರಿನ ಕಾಲ್ಗುಣ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ಅದು ಗೇಟಿನ ಹೊರಗೆ ಬೇವಿನ ಮರದಡಿ ಕುಳಿತಿದೆ ಎಂದು ಹಂಪೇಶ್ ತೋರಿಸುತ್ತಾನೆ, ಅವನಿಗೂ ಹೇಳಿಟ್ಟಿದ್ದೇನೆ.