ಬಾಬುಸಾಬರ ಶಾಯಿಗೊಂದು ವಹಿ

ದುಂಡೇಶನ ಮಾನ ಹೋದದ್ದು ಕಾಗದ ತೆಳುವಾಗಿದ್ದರಿಂದ.

ಭೋಜ ಊರಿನ ಮೊಹರಮ್ ಮೇಳದಲ್ಲಿ ಅವನದು ಎರಡನೆಯ ದನಿ. ಮೇಳದ ಗುರು ಬಾಬುಸಾಬರು ಒಂದು ಸಾಲು ಎತ್ತಿಕೊಟ್ಟರೆ ಮುಂದಿನ ಸಾಲನ್ನು ಇವನು ಹಿಡಿಯಬೇಕು. ಬಾಬುಸಾಬರು ಪದ ಕಟ್ಟುವುದು ತಲೆಯಲ್ಲಿ, ಬರೆದುಕೊಡುವುದು ಶಾಯಿ ಪೆನ್ನಿನಲ್ಲಿ. ಹೋದ ವಾರ ಅವರು ದುಂಡೇಶನ ಹಿಟ್ಟಿನ ಗಿರಣಿಯಲ್ಲೇ ಕುಳಿತು, ಅಲ್ಲಿ ಸಿಕ್ಕ ಅಗ್ಗದ ನೋಟ್‌ಬುಕ್ಕಿನ ಒಂದೇ ಹಾಳೆಯ ಮೇಲೆ ಎರಡು ಪದ ಬರೆದುಕೊಟ್ಟಿದ್ದರು. ಮುಂದಿನ ಮಗ್ಗುಲಿಗೆ ಎತ್ತಿನ ಪದ, ಹಿಂದಿನ ಮಗ್ಗುಲಿಗೆ ಸೊಸೆಯ ಪದ. ಶಾಯಿ ಆಚೆಯಿಂದ ಈಚೆಗೆ ಮೂಡಿತ್ತು, ಈಚೆಯಿಂದ ಆಚೆಗೆ ಹೋಗಿತ್ತು. ಅನಂತಪುರದ ಮೇಳದವರು ನೆಂಟರಾಗಿ ಬಂದು ಕೂತ ದಿನವೇ ದುಂಡೇಶ ಆ ಹಾಳೆಯನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಭಕ್ತಿಯಿಂದ ಹಾಡಿದ.

"ಮನಿಗಿ ಬಂದಾಳ ಹೊಸ ಸೊಸಿ, ಕೋಡಿಗಿ ಬಣ್ಣಾ ಬಳಿರೆವ್ವಾ! ಮೂಗುದಾರ ಹಾಕಿ ಹೂಡ್ರಿ ಹೊಲದಾಗ!"

ಅನಂತಪುರದವರು ನೆಲಕ್ಕೆ ಬಿದ್ದು ನಕ್ಕರು. ನಮ್ಮೂರಿನ ಕೆಲವು ಅತ್ತೆಯಂದಿರು ಮಾತ್ರ ಇನ್ನೊಮ್ಮೆ ಹಾಡೆಂದರು.

ಬಾಬುಸಾಬರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವವರಲ್ಲ, ತೀರ್ಪು ಕೊಡುವವರು. "ದುಂಡ್ಯಾ, ತಪ್ಪು ನಿಂದಲ್ಲ, ಕಾಗದದ್ದು. ಶಾಯಿ ಹಬ್ಬದಂಥಾ, ಹಿಂದಿನ ಮಗ್ಗಲಿಗಿ ಮೂಡದಂಥಾ ಒಂದ ಚಲೋ ವಹಿ ತಾ. ನನ್ನ ಪದಾ ಅಷ್ಟೂ ಬರದ ಕೊಡತೇನಿ. ಗುರುವಾರ ಸಂಜೀ ತಾಲೀಮಿಗಿ ವಹಿ ಬರಲಿಲ್ಲಂದ್ರ ಎರಡನೇ ದನಿ ಹಿಂದಿನ ಸಾಲಿನ ಬೀರದೇವ ಹಿಡೀತಾನ."

"ಮೊಬೈಲದಾಗ ರೆಕಾರ್ಡ್ ಮಾಡ್ಕೊಳ್ಳೇನ್ರಿ ಗುರುಗಳ?"

"ನಿನ್ನ ಮೊಬೈಲ್ ಹ್ವಾದ ತಿಂಗಳ ಗಟಾರದಾಗ ಬಿದ್ದಿತ್ತಲ್ಲ? ನನ್ನ ಪದಾನೂ ಅದರ ಕೂಡ ಬೀಳ್ಬೇಕೇನು?"

"ಹಂಗಾರ ಬಾಲ್‌ಪೆನ್ನಲೆ ನಾನ ಬರಕೋತೇನ್ರಿ."

"ಬಾಲ್‌ಪೆನ್ನಲೆ ನಿನ್ನ ಗಿರಣಿ ಉದ್ರಿ ಬರಕೊ," ಎಂದು ಬಾಬುಸಾಬರು ಎದ್ದುಹೋದರು. ಗುರುವಿನ ಕೈಬರಹದ ಹೊರತು ಪದ ಶಿಷ್ಯನಿಗೆ ಸೇರುವುದಿಲ್ಲ ಎಂಬುದು ಅವರ ಮೇಳದ ಕಟ್ಟಳೆ.

ಇದಿಷ್ಟು ಹಿನ್ನೆಲೆ. ದುಂಡೇಶ ಮೈಗಳ್ಳನಲ್ಲವಾದರೂ ಕೊನೆಯ ದಿನದವರೆಗೆ ಕೆಲಸವನ್ನು ಮಾಗಿಸುವವನು. ಹಾಗಾಗಿ ಗುರುವಾರ ಬೆಳಿಗ್ಗೆಯೇ ಅವನು ನಿಪ್ಪಾಣಿಗೆ ಹೊರಟದ್ದು. ಬಾಬುಸಾಬರ ಹೆಂಡತಿ ಮೈಮುನಾ ಕೆಮ್ಮಿನ ಔಷಧದ ಖಾಲಿ ಸೀಸೆಯಲ್ಲಿ ಒಂದಿಷ್ಟು ಶಾಯಿ, ಜೊತೆಗೆ ಒಂದು ಹಳೆಯ ಪೆನ್ನು ಕೊಟ್ಟಿದ್ದಳು. ಕೊಡುವಾಗ ಅವಳು ಏನೋ ಹೇಳಹೋಗಿ, "ಹೋಗಿ ಬಾಪಾ, ನಿನ್ನ ನಸೀಬ," ಎಂದಷ್ಟೇ ಹೇಳಿದಳು.

"ನಮ್ಮ ಲಗ್ನದ ಸೀರಿ ಆರಿಸೂ ಮುಂದ ಇಷ್ಟ ತಲಿ ಕೆಡಿಸ್ಕೊಂಡಿರಲಿಲ್ಲ," ಎಂದು ಅವನ ಹೆಂಡತಿ ಅಕ್ಕುತಾಯಿ ಗಿರಣಿಯ ಕೀಲಿಕೈ ಇಸಿದುಕೊಂಡಳು.

ಬಸ್ಸಿನಲ್ಲಿ ನಿವೃತ್ತ ಮಾಸ್ತರ ಜಯಪಾಲ ಸಿಕ್ಕರು. ಸಂಗತಿ ಕೇಳಿದ ಕೂಡಲೇ ಅವರಿಗೆ ಮತ್ತೆ ನೌಕರಿ ಸಿಕ್ಕಷ್ಟು ಹುರುಪು ಬಂತು. "ಕಾಗದಕ್ಕ ಜಿಎಸ್‌ಎಂ ಅಂತ ಇರತೈತಿ ದುಂಡೇಶ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಾಗದ ಎಷ್ಟು ಗ್ರಾಂ ತೂಗತೈತಿ ಅನ್ನೂ ಲೆಕ್ಕ. ಎಂಬತ್ತರ ಮ್ಯಾಲಿದ್ರ ಬೇಷಿ, ನೂರಿದ್ರ ಕಣ್ಣು ಮುಚ್ಚಿ ತಗೊ." ಆಮೇಲೆ ಅವರು ಹತ್ತಿಯ ನಾರು, ಬಿದಿರಿನ ನಾರು, ಗೆರೆ ಇದ್ದದ್ದು, ಗೆರೆ ಇಲ್ಲದ್ದು ಎಂದು ನಿಪ್ಪಾಣಿ ಬರುವವರೆಗೆ ಪಾಠ ಮಾಡಿದರು. ಗಿರಣಿಯವನಾದ ದುಂಡೇಶನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ತೂಕ.

ನಿಪ್ಪಾಣಿಯ ಪೇಟೆಯಲ್ಲಿ ಸಂದೇಶ ಎಂಬವನ ವಹಿ-ಪುಸ್ತಕದ ಅಂಗಡಿ. ದುಂಡೇಶ ಅಲ್ಲಿ ಐದಾರು ವಹಿ ತೆಗೆಸಿ, ಅವನ್ನೆಲ್ಲ ಎದೆಗವಚಿಕೊಂಡು ಪಕ್ಕದ ಕಿರಾಣಿ ಅಂಗಡಿಗೆ ನಡೆದುಬಿಟ್ಟ.

"ಅಹೋ! ಕುಠೆ ಚಾಲ್ಲಾ? ಎಲ್ಲಿ ಒಯ್ಯಾಕತ್ತೀರಿ?" ಎಂದು ಸಂದೇಶ ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದ.

"ತೂಕ ಮಾಡಾಕರಿ."

"ವಹಿ ಏನ್ ಬೆಲ್ಲದ ಪೆಂಟಿ ಏನ್ರಿ, ತೂಗಿ ತಗೋಳಾಕ?"

ಆದರೂ ದುಂಡೇಶ ತೂಗಿಯೇ ತೂಗಿದ. ಎಲ್ಲಕ್ಕಿಂತ ಭಾರವಾದದ್ದು ಹಲಗೆಯಂಥ ರಟ್ಟಿನ ಮೇಲೆ ಎರಡು ಬಾತುಕೋಳಿ ಇದ್ದ ವಹಿ. ಗೆದ್ದೆನೆಂದು ಪೆನ್ನು ಅದ್ದಿ ಅದರ ಮೊದಲ ಹಾಳೆಯ ಮೇಲೆ ತನ್ನ ಹೆಸರು ಬರೆದ. ಹೆಸರಿಗೆ ಕಾಲು ಮೂಡಿ, ಮೀಸೆ ಮೂಡಿ, ಕಂಬಳಿಹುಳುವಾಗಿ ಹಾಳೆಯ ತುಂಬ ಹರಿದಾಡಿತು. ಭಾರವೆಲ್ಲ ರಟ್ಟಿನದು, ಒಳಗಿನ ಕಾಗದ ಬರೀ ಶಾಯಿ ಕುಡಿಯುವ ಜಾತಿಯದು ಎಂದು ಸಂದೇಶ ಈಗ ತಿಳಿಸಿದ. ಬರೆದು ಕೆಡಿಸಿದ್ದರಿಂದ ಬಾತುಕೋಳಿಗಳನ್ನು ಕೊಳ್ಳುವುದು ದುಂಡೇಶನ ಪಾಲಿಗೇ ಬಂತು.

ತೂಕ ಕೈಕೊಟ್ಟ ಮೇಲೆ ಅವನು ತನ್ನ ಸ್ವಂತ ವಿದ್ಯೆಗೆ ಇಳಿದ. ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನುಣುಪು ಹೇಳುವುದರಲ್ಲಿ ಅವನ ಮುಂದೆ ಯಾರೂ ಇಲ್ಲ. ಒಂದೊಂದೇ ವಹಿಯ ಹಾಳೆ ಹಿಡಿದು, ಕಣ್ಣು ಮುಚ್ಚಿ ಉಜ್ಜಿದ. "ಇದರಾಗ ರವಾ ಐತಿ. ಇದು ನಡುಬರಕ. ಹಾಂ, ಇದು ಮೈದಾ!" ಎಂದು ಎಲ್ಲಕ್ಕಿಂತ ನುಣ್ಣನೆಯದನ್ನು ಆರಿಸಿದ. ಅದರ ಮೇಲೆ ಬರೆದರೆ ಅಕ್ಷರ ಮುತ್ತಿನಂತೆ ನಿಂತವು. ಹಬ್ಬಲಿಲ್ಲ, ಹಿಂದೆ ಮೂಡಲಿಲ್ಲ. ದುಂಡೇಶ ಹಿಗ್ಗಿ ಹಾಳೆಯ ಮೇಲೆ ಮೊಳಕೈ ಊರಿ, ಎಷ್ಟು ದುಡ್ಡೆಂದು ಕೇಳಿದ. ಕೈ ಎತ್ತಿದಾಗ ಮುತ್ತುಗಳೆಲ್ಲ ಅವನ ಬಿಳಿ ಅಂಗಿಗೆ ವರ್ಗವಾಗಿದ್ದವು. ಅಷ್ಟು ನುಣುಪಾದ ಕಾಗದದ ಮೇಲೆ ಶಾಯಿ ಒಣಗುವುದೇ ಇಲ್ಲವಂತೆ.

ಈ ಹೊತ್ತಿಗೆ ಅಂಗಡಿಯಲ್ಲಿ ಜನ ಕೂಡಿದ್ದರು. ಕರಿಕೋಟಿನ ವಕೀಲರೊಬ್ಬರು, "ಹಾಳಿ ಬೆಳಕಿಗಿ ಹಿಡಿ, ಬೆರಳು ಕಾಣಬಾರದು," ಎಂದರು. ಕಾಲೇಜಿನ ಹುಡುಗಿಯೊಬ್ಬಳು ಬಿಳಿ ಬೇಡ, ಕೆನೆಬಣ್ಣದ್ದೇ ಆಗಬೇಕೆಂದಳು. ಸಂತೆಗೆ ಬಂದ ಅಜ್ಜಿಯೊಬ್ಬಳು ಕಾಗದವನ್ನು ನಾಲಿಗೆಗೆ ಹಚ್ಚಿ ನೋಡಲು ಹೇಳಿದಳು. ದುಂಡೇಶ ಬೆಳಕಿಗೆ ಹಿಡಿದ, ಬಣ್ಣ ನೋಡಿದ, ನೆಕ್ಕಿದ. ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನ ತುಟಿ ನೀಲಿಯಾಗಿ, ತಾನು ಇಲ್ಲಿಗೆ ಬಂದದ್ದು ವಹಿ ಕೊಳ್ಳಲಿಕ್ಕೋ ಪರೀಕ್ಷೆಗೆ ಕೂರಲಿಕ್ಕೋ ಎಂಬುದೇ ಅವನಿಗೆ ಮರೆತುಹೋಗಿತ್ತು. ಪಾಪ, ಅಳು ಬಂತು ಅವನಿಗೆ.

"ನನಗ ಏನೂ ತಿಳಿವಲ್ದೊ ಮಾರಾಯಾ," ಎಂದು ಅವನು ಸಂದೇಶನ ಕೈ ಹಿಡಿದ. "ಇವತ್ತ ವಹಿ ಒಯ್ಯಲಿಲ್ಲಂದ್ರ ನನ್ನ ದನಿ ಹೋಗತೈತಿ. ಹದಿನೆಂಟು ವರ್ಷದಾಂವ ಇದ್ದಾಗಿಂದ ಆ ಮೇಳದಾಗ ನಿಂತೇನಿ."

ಸಂದೇಶನ ಮನಸ್ಸು ಕರಗಿತು. ಒಳಗಿನ ಕಪಾಟಿನಿಂದ ಬಟ್ಟೆಯ ಬೆನ್ನಿನ ಒಂದು ವಹಿ ತಂದ. "ನಮ್ಮ ಬೈಂಡರ್ ಒಬ್ಬಾಂವ ಕೈಲೆ ಹೊಲದದ್ದು. ಎರಡಽ ಉಳದಾವ." ಅದೇ ಕಾಗದದ ಒಂದು ಬಿಡಿ ಹಾಳೆಯನ್ನೂ ಪರೀಕ್ಷೆಗೆಂದು ಕೊಟ್ಟ. ದುಂಡೇಶ ಅದರ ಒಂದು ಮೂಲೆಯಲ್ಲಿ ಬರೆದ. ಶಾಯಿ ಹಬ್ಬಲಿಲ್ಲ. ಊದುವಷ್ಟರಲ್ಲಿ ಒಣಗಿತು. ತಿರುವಿ ನೋಡಿದರೆ ಹಿಂದೆ ಏನೂ ಇಲ್ಲ. ವಕೀಲರು, ಹುಡುಗಿ, ಅಜ್ಜಿ ಮೂವರೂ ಮೊದಲ ಸಲ ಒಂದೇ ಮಾತಿಗೆ ಬಂದರು. ದುಂಡೇಶ ವಹಿ ಕೊಂಡು, ಬಿಡಿ ಹಾಳೆಯನ್ನು ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಟ್ಟು ಬಸ್ ಹತ್ತಿದ.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಭೋಜದ ಬಸ್ ನಿಲ್ದಾಣದಲ್ಲಿ ಅವನ ನೆರೆಮನೆಯ ಮಲಕಾರಿ ತನ್ನ ಆಡು ಹಿಡಿದುಕೊಂಡು ನಿಂತಿದ್ದ.

"ತಂದೇನು? ತೋರ್ಸು," ಎಂದು ಮಲಕಾರಿ ವಹಿ ಇಸಿದುಕೊಂಡ. "ಪರೀಕ್ಷಾ ಮಾಡಿಸಿದಿ?"

"ಎಲ್ಲಾ ಆತು. ತೂಕ, ಬೆರಳು, ಬೆಳಕು, ನಾಲಿಗಿ."

"ಆಡಿನ ಪರೀಕ್ಷಾ?"

"ಅದ್ಯಾವದು?"

"ನಮ್ಮ ಆಡು ಕೆಟ್ಟ ಕಾಗದ ಮೂಸಿ ನೋಡಿ ಬಿಟ್ಟಬಿಡತೈತಿ. ಚಲೋ ಕಾಗದ ಇದ್ರಷ್ಟಽ ಬಾಯಿ ಹಾಕತೈತಿ. ಸುಮ್ಮ ಮೂಸಸ್ತೇನಿ, ತಡಿ."

ಬೆಳಗಿನಿಂದ ಅಷ್ಟು ಜನರ ಮಾತು ಕೇಳಿದವನಿಗೆ, ಇದೊಂದನ್ನು ಯಾಕೆ ಬಿಡಬೇಕು, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಇದನ್ನೇ ಮಾಡಿಸಲಿಲ್ಲವೆಂಬ ಕೊರಗು ಉಳಿಯಬಾರದು ಎನ್ನಿಸಿತು. ಆಡು ಮೂಸಿತು. ಒಮ್ಮೆ ದುಂಡೇಶನ ಮುಖ ನೋಡಿತು. ಮರುಗಳಿಗೆ ವಹಿಯನ್ನು ಕಚ್ಚಿಕೊಂಡು ಕಬ್ಬಿನ ಹೊಲಕ್ಕೆ ನುಗ್ಗಿತು. ಇಬ್ಬರೂ ಹಿಂದೆ ಓಡಿ ಹಿಡಿಯುವಷ್ಟರಲ್ಲಿ ಬಟ್ಟೆಯ ಬೆನ್ನು ಮಾತ್ರ ಅದರ ಬಾಯಿಂದ ತೂಗಾಡುತ್ತಿತ್ತು.

"ನಾ ಏನ್ ಹೇಳಿದ್ನಿ?" ಮಲಕಾರಿ ಹೆಮ್ಮೆಯಿಂದ ಎದೆಯುಬ್ಬಿಸಿದ. "ಫಸ್ಟ್ ಕ್ಲಾಸ್ ಕಾಗದ!"

ದುಂಡೇಶ ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥವಲ್ಲ. ಬೈಸಿಕೊಂಡ ಮಲಕಾರಿ ತೆಪ್ಪಗೆ ತನ್ನ ಬೈಕು ತೆಗೆದ. ಮತ್ತೆ ನಿಪ್ಪಾಣಿಯ ದಾರಿಯುದ್ದಕ್ಕೂ ಮುಂಗಾರಿನ ಮಿರಗದ ಮಳೆ ಬಡಿಯಿತು. ಸಂದೇಶ ಅಂಗಡಿಯ ಶಟರ್ ಅರ್ಧ ಎಳೆದಿದ್ದ. ದುಂಡೇಶ ಅದರ ಕೆಳಗೆ ತಲೆ ತೂರಿಸಿ, "ಉಳದ ಒಂದು ವಹಿ!" ಎಂದು ಕೂಗಿದ. ಅಂಗಿಯ ತುಂಬ ನೀಲಿ, ತಲೆಯ ತುಂಬ ನೀರು, ತುಟಿಯೂ ನೀಲಿ. ಸಂದೇಶ ಹೆದರಿ ಏನೂ ಕೇಳದೆ ವಹಿ ಕೊಟ್ಟ.

ಬರುವಾಗ ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡ. ಊರ ಬಾಗಿಲಲ್ಲಿ ಇಬ್ಬರು, "ತೋರ್ಸೋ, ನೋಡೂನು," ಎಂದು ಕೈಚಾಚಿದರು. ದುಂಡೇಶ ಹೊಟ್ಟೆ ಹಿಡಿದುಕೊಂಡು ಓಡಿದ.

ಬಾಬುಸಾಬರ ಪಡಸಾಲೆಯಲ್ಲಿ ಮೇಳವೆಲ್ಲ ಕೂತಿತ್ತು. ಬೀರದೇವ ಬಾಬುಸಾಬರ ಎಡಗಡೆ, ಅಂದರೆ ದುಂಡೇಶನ ಜಾಗದಲ್ಲೇ ಕುಳಿತಿದ್ದ. ದುಂಡೇಶ ವಹಿಯನ್ನು ಗುರುಗಳ ಮುಂದಿಟ್ಟು, ಜೇಬಿನ ಬಿಡಿ ಹಾಳೆಯನ್ನು ಬಿಡಿಸಿ ಕೊಟ್ಟ.

ಬಾಬುಸಾಬರು ಕನ್ನಡಕ ಏರಿಸಿ, ಪೆನ್ನಿನ ಟೋಪಿ ತೆಗೆದು ಹಾಳೆಯ ಮೇಲೆ ಒಂದು ಸಾಲು ಬರೆದರು. ದೀಪಕ್ಕೆ ಹಿಡಿದರು. ತಿರುವಿದರು. ಬೆರಳಿನಿಂದ ಸವರಿದರು. ಆಮೇಲೆ ಅವರು ವಹಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಾಳೆಗಳ ನಡುವೆ ಮುಖವಿಟ್ಟು ವಾಸನೆ ತೆಗೆದುಕೊಂಡರು. ಮುಖ ಎತ್ತಿದಾಗ ಕಣ್ಣು ತುಂಬಿದ್ದವು.

"ಮಾಶಾಅಲ್ಲಾ! ಬೇಟಾ ದುಂಡ್ಯಾ, ಇಂಥಾ ಕಾಗದ ಯಾರೂ ತಂದಿರಲಿಲ್ಲೊ."

ದುಂಡೇಶನ ಎದೆ ಉಬ್ಬಿತು. ದಿನದ ದಣಿವೆಲ್ಲ ಇಳಿಯಿತು. ಬೀರದೇವನ ಮುಖ ಹೇಗಾಗಿದೆ ನೋಡೋಣವೆಂದು ಅತ್ತ ತಿರುಗಿದ. ಬೀರದೇವ ಹೊಟ್ಟೆಕಿಚ್ಚು ಪಡುತ್ತಿರಲಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಬಂದವನ ಹಾಗೆ ಇವನನ್ನೇ ನೋಡುತ್ತಿದ್ದ.

"ಮೈಮುನಾ, ಟ್ರಂಕ್ ತಗಿ," ಎಂದರು ಬಾಬುಸಾಬರು.

ಪದ ಬರೆಯುವ ವಿಶೇಷ ಪೆನ್ನು ಅದರಲ್ಲಿರಬೇಕೆಂದು ದುಂಡೇಶ ಮುಂದೆ ಬಗ್ಗಿದ. ಮೈಮುನಾ ನಿಟ್ಟುಸಿರು ಬಿಟ್ಟು ಮುಚ್ಚಳ ಎತ್ತಿದಳು. ಒಳಗೆ ಬೇವಿನೆಲೆಯ ನಡುವೆ ಸಾಲಾಗಿ ವಹಿಗಳು. ಚರ್ಮದ ಬೆನ್ನಿನವು, ಕೆಂಪು ಬಟ್ಟೆಯವು, ಕೆನೆಬಣ್ಣದವು. ಬಾಬುಸಾಬರು ದುಂಡೇಶನ ವಹಿಯನ್ನು ಎಲ್ಲದರ ಮೇಲೆ ಮಲಗಿಸಿ, ಮೇಲೆ ಎರಡು ಬೇವಿನೆಲೆ ಹೊದಿಸಿದರು.

"ಗುರುಗಳ, ಪದಾ ಬರಿಯೂದು?"

"ಇದರಾಗ?" ಬಾಬುಸಾಬರು ಎದೆ ಮುಟ್ಟಿಕೊಂಡರು. "ಹುಚ್ಚಪ್ಪಾ, ಇಂಥಾ ವಹಿ ಬರದ ಕೆಡಸೂದೇನೋ? ಒಂದ ಅಕ್ಷರ ತಪ್ಪಿದ್ರ ಸಾಯೂತನಕಾ ನನ್ನ ಜೀವಕ್ಕ ಸಮಾಧಾನ ಇರಂಗಿಲ್ಲ."

"ಮತ್ತ ಒಳಗಿನ ಉಳದಾವು?"

"ಅವೂ ಚಲೋ ವಹಿನಽ."

"ತಳದಾಗಿಂದು ನಮ್ಮ ನಿಕಾದಾಗ ನಮ್ಮಪ್ಪ ಕೊಟ್ಟಿದ್ದು," ಎಂದಳು ಮೈಮುನಾ. "ಇನ್ನೂ ಒಂದ ಗೆರಿ ಬಿದ್ದಿಲ್ಲ ಅದರಾಗ."

"ಅದರ ಮ್ಯಾಲಿಂದು ನಂದು," ಎಂದ ಬೀರದೇವ ಮೆಲ್ಲಗೆ. "ಮೂರು ಊರು ತಿರಗಿ ತಂದಿದ್ನಿ. ಅವತ್ತಽ ನಾ ಎಲ್ಲಾ ಪದಾ ಬಾಯಿಪಾಠ ಮಾಡಾಕ ಸುರು ಮಾಡಿದ್ನಿ."

ಬಾಬುಸಾಬರು ಟ್ರಂಕಿಗೆ ಕೀಲಿ ಹಾಕಿ, ಬಾರಿಸುವ ದಪ್ಪು ಎತ್ತಿಕೊಂಡರು. "ಬೀರದೇವಾ, ಎರಡನೇ ದನಿ ಹಿಡಿ. ದುಂಡ್ಯಾನ ವಹಿ ಬರೂಮಟಾ ನೀನಽ."

"ವಹಿ ಬಂದೈತಲ್ರಿ!" ದುಂಡೇಶ ಕೂಗಿದ.

"ಇಡೂ ವಹಿ ಬಂತು. ಬರಿಯೂ ವಹಿ ನಾಳಿಗಿ ತಾ."

ದುಂಡೇಶ ಟ್ರಂಕನ್ನು ನೋಡಿದ, ಗುರುಗಳನ್ನು ನೋಡಿದ, ನೀಲಿಯಾದ ತನ್ನ ಕೈಗಳನ್ನು ನೋಡಿಕೊಂಡ. "ಅದು ಎಂಥಾದ್ದಿರಬೇಕ್ರಿ?" ಎಂದು ಕೇಳಿದ.

ಬಾಬುಸಾಬರು ಒಂದೊಂದೇ ಬೆರಳು ಮಡಿಚಿದರು. "ಶಾಯಿ ಹಬ್ಬಬಾರದು. ಹಿಂದ ಮೂಡಬಾರದು. ಲಗೂನ ಒಣಗಬೇಕು," ಎಂದರು. ಆಮೇಲೆ ದಪ್ಪಿಗೆ ಒಂದು ಪೆಟ್ಟು ಹಾಕಿ ಹೇಳಿದರು: "ಆದ್ರ ಇಷ್ಟು ಚಲೋ ಇರಬಾರದು."