ಒಬ್ಬರ ಬಾಣಲೆ

ನನ್ನ ಸೋದರಮಾವನಿಗೆ ಒಂದರಿಂದ ಮುಂದೆ ಲೆಕ್ಕವೇ ಬರುತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ಲಕ್ಕವಳ್ಳಿ ಅಣೆಕಟ್ಟಿನಲ್ಲಿ ದಿನಾ ನೀರಿನ ಮಟ್ಟ ನೋಡಿ ಬರೆದಿಡುವ ಕೆಲಸ ಅವರದು. ಅಲ್ಲಿ ಅಂಗುಲವೂ ತಪ್ಪುತ್ತಿರಲಿಲ್ಲ. ಅಡುಗೆಮನೆಗೆ ಬಂದರೆ ಮಾತ್ರ ಎಲ್ಲವೂ ಒಂದೇ! ಒಂದು ಬಾಣಲೆ, ಒಂದು ತಟ್ಟೆ, ಒಂದು ಲೋಟ. ಅಡುಗೆಯೂ ಒಂದೇ: ತರಕಾರಿ ಹಾಕಿದ ಶಾವಿಗೆ ಉಪ್ಪಿಟ್ಟು, ಸರಿಯಾಗಿ ಒಬ್ಬರಿಗೆ.

ತರೀಕೆರೆ ಸಂತೆಯಲ್ಲಿ ಅವರು ಐದು ಹುರುಳಿಕಾಯಿ, ಒಂದು ಕ್ಯಾರೆಟ್ ಕೇಳುತ್ತಿದ್ದರು. ತರಕಾರಿಯವಳು ಒಮ್ಮೆ, "ಸುಮ್ನೆ ತಗೊಂಡೋಗಿ ಸ್ವಾಮಿ, ಇದುನ್ನ ತೂಗಿದ್ರೆ ನನ್ ತಕ್ಕಡೀಗೇ ನಾಚ್ಕೆ ಆಗ್ತದೆ" ಎಂದಿದ್ದಳು. ಮಾವ ಗಂಭೀರವಾಗಿ, ಅವಳು ಹೆಚ್ಚಿಗೆ ಹಾಕಿದ್ದ ಆರನೆಯ ಕಾಯಿಯನ್ನು ತೆಗೆದು ವಾಪಸು ಇಟ್ಟರಂತೆ.

ವಯಸ್ಸು ನಲವತ್ತರ ಹತ್ತಿರ ಬಂದಿತ್ತು, ಮದುವೆ ಆಗಿರಲಿಲ್ಲ. ಕೊನೆಗೂ ಯಗಟಿಯ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತು. ಹೆಣ್ಣಿನ ಕಡೆಯ ಐದು ಜನ ಮನೆ ನೋಡಲು ಕ್ವಾರ್ಟರ್ಸಿಗೆ ಬರುವವರಿದ್ದರು. ಆಗಷ್ಟೇ ತರೀಕೆರೆಯಲ್ಲಿ ಟೀಚರ್ ಆಗಿದ್ದ ನನ್ನನ್ನು ಅಮ್ಮ ಕಾವಲಿಗೆ ಕಳಿಸಿದಳು. "ಇದೂ ತಪ್ಪಿದ್ರೆ ಇವ್ನು ಸಾಯೋಗಂಟ ಐದು ಹುರುಳಿಕಾಯಿ ಹೆಚ್ಕೊಂಡೇ ಇರ್ತಾನೆ ಕಣೇ."

ನೆಂಟರು ಬಂದು ಚಾಪೆಯ ಮೇಲೆ ಕುಳಿತರು. ಮಾವ ಸೀಮೆಎಣ್ಣೆ ಸ್ಟೌ ಹಚ್ಚಿ ಅದೇ ಬಾಣಲೆ ಇಟ್ಟರು. ನಾನು ಬಾಗಿಲಿನ ಕಡೆ ಹೊರಟೆ.

"ಮಾವ, ಪಕ್ಕದ ಮನೆಯಿಂದ ದೊಡ್ ಪಾತ್ರೆ ತರ್ತೀನಿ."

"ಬ್ಯಾಡ ಕಣೇ. ಒಟ್ಟಿಗೆ ಬೇಯಿಸಿದ್ರೆ ಶಾವಿಗೆ ಮುದ್ದೆ ಆಗೋಯ್ತದೆ."

ಶಾವಿಗೆ ಹುರಿದರು, ಒಗ್ಗರಣೆ ಹಾಕಿದರು, ತರಕಾರಿ ಬೇಯಿಸಿದರು. ಒಬ್ಬರಿಗೆ ಕೊಟ್ಟರು. ಅವರು ತಿಂದ ಮೇಲೆ ತಟ್ಟೆ ತೊಳೆದು ಎರಡನೆಯವರಿಗೆ ಶುರು ಮಾಡಿದರು! ಪ್ರತಿಯೊಬ್ಬರನ್ನೂ "ಖಾರ ಎಷ್ಟಿರ್ಲಿ?" ಎಂದು ಕೇಳಿಯೇ ಮೆಣಸಿನಕಾಯಿ ಸೀಳುತ್ತಿದ್ದರು. ಹೆಣ್ಣಿನ ತಂದೆಗೆ ಹಲ್ಲುಗಳಿರಲಿಲ್ಲ. ಅದನ್ನು ನೋಡಿ ಅವರ ಪಾಲಿನ ಹುರುಳಿಕಾಯಿಯನ್ನು ಸಾಸಿವೆ ಗಾತ್ರಕ್ಕೆ ಹೆಚ್ಚಿದರು. ಮೊದಲು ತಿಂದವರಿಗೆ ಮತ್ತೆ ಹಸಿವಾಗುವ ಹೊತ್ತಿಗೆ ಐದನೆಯವರ ತಟ್ಟೆ ಬಂತು. ಅಷ್ಟರಲ್ಲಿ ಬಸ್ಸು ಹೋಗಿತ್ತು, ಶಾವಿಗೆಯೂ ಮುಗಿದಿತ್ತು. ಮಾವ ತಾವು ಬರೀ ನೀರು ಕುಡಿದು ಬಾಣಲೆ ತೊಳೆದಿಟ್ಟರು.

ನಾನು ಹೋಗಿ ಹೇಳಿದಾಗ, "ಕೆಡಿಸ್ಬಿಟ್ಟ" ಎಂದು ಅಮ್ಮ ತಲೆಯ ಮೇಲೆ ಕೈಹೊತ್ತು ಕುಳಿತಳು. ಮೂರನೆಯ ದಿನ ಯಗಟಿಯಿಂದ ಸುದ್ದಿ ಬಂತು. ಹುಡುಗಿ ಒಪ್ಪಿದ್ದಾಳೆ! ಗಂಡನ್ನು ನೋಡದೆಯೇ!

ಹೇಗೆ ಒಪ್ಪಿದಿರಿ ಎಂದು, ಅತ್ತೆಯಾಗಿ ಬಂದ ಆ ಹುಡುಗಿಯನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಅವರ ಮನೆಗೆ ಹೋಗಿದ್ದಾಗ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಮ್ಮನೇಲಿ ಹದಿನಾಲ್ಕು ಜನ, ಬಡ್ಸೋಳು ನಾನು. ಎಲ್ರುದೂ ಆದ್ಮೇಲೆ ತಳ ಕೆರ್ಕೊಂಡು ತಿಂತಿದ್ದೆ. ಅಪ್ಪ ಬಂದು, 'ಹುಚ್ಚ ಕಣವ್ವ ಅವ್ನು, ನನ್ ಬಾಯಿ ನೋಡಿ ನಂಗೇ ಬ್ಯಾರೆ ಮಾಡ್ದ' ಅಂತ ನಗಾಡ್ತು. ನಂಗೆ ನಗು ಬರ್ಲಿಲ್ಲ. ನಂಗೇ ಅಂತ ಮಾಡಿದ್ದು ಒಂದ್ಸಲನಾದ್ರೂ ತಿನ್ಬೇಕು ಅನ್ನುಸ್ತು."

ಅಷ್ಟರಲ್ಲಿ ಮಾವ ಹಬೆಯಾಡುವ ತಟ್ಟೆ ತಂದು, ನೆಂಟಳಾದ ನನ್ನನ್ನು ದಾಟಿ, ಅತ್ತೆಯ ಮುಂದಿಟ್ಟರು. "ತಿನ್ನು, ಆರೋಯ್ತದೆ" ಎಂದು ತೊಳೆದ ಬಾಣಲೆಯನ್ನು ಮತ್ತೆ ಸ್ಟೌವಿನ ಮೇಲಿಟ್ಟರು. ನನ್ನ ಕಣ್ಣು ತುಂಬಿತು. ಹೊಟ್ಟೆ ಹಸಿದಿತ್ತು, ಆದರೂ ನನ್ನ ಸರದಿಗೆ ಕಾಯುವುದು ಅಂದು ಬೇಸರವಾಗಲಿಲ್ಲ.