ಚಿಕ್ಕಿಯ ಮೈಕ್ರೋ ಇಕನಾಮಿಕ್ಸ್

ನಮ್ಮ ಚಿಕ್ಕಿಗೆ, ಅಂದರೆ ಅಮ್ಮನ ತಂಗಿಗೆ, ಅರ್ಥಶಾಸ್ತ್ರದಲ್ಲಿ ಒಂದು ಡಾಕ್ಟರೇಟ್ ಕೊಡಲೇಬೇಕು ಎಂಬುದು ನನ್ನ ವಾದ. ಅವಳೇನು ಸುಮ್ಮನೆ ತೆಗೆದುಕೊಳ್ಳುವವಳಲ್ಲ ಬಿಡಿ. ‘ಮೇಲೊಂದು ಕೊಸರು ಹಾಕಿ’ ಎಂದು ಕುಲಪತಿಗಳನ್ನೇ ಸತಾಯಿಸಿಯಾಳು!

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುಮಟಾ ಪೇಟೆಯಲ್ಲಿ ಮೀನು ಮಾರುವ ಈಕೆಗೆ ಓದಿನ ಹುಚ್ಚು ಹತ್ತಿದ್ದು ನನ್ನಿಂದ. ಕಳೆದ ವರ್ಷ ನಾನು ಬಿ.ಎ.ಯ ಮೈಕ್ರೋ ಇಕನಾಮಿಕ್ಸ್ ಪತ್ರಿಕೆಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದೆ. ಇನ್ನು ಕಾಲೇಜೇ ಬೇಡವೆಂದು ಪುಸ್ತಕಗಳನ್ನು ರದ್ದಿಗೆ ಕಟ್ಟಿಟ್ಟೆ. ಚಿಕ್ಕಿ ಬಂದವಳೇ ಕಟ್ಟು ಬಿಚ್ಚಿದಳು.

“ಎಂತ ಅದೆ ಇದ್ರೊಳಗೆ?”

“ಜನ ಯಾವ ರೇಟಿಗೆ ಎಷ್ಟು ಕೊಳ್ತ್ರು, ಯಾಕೆ ಕೊಳ್ತ್ರು ಅಂತ.”

“ಅಷ್ಟೇಯಾ? ಅದಕ್ಕೆ ಹೆದ್ರೂದಾ ಹುಡ್ಗಿ? ಓದು, ನಾನೂ ಕೇಳ್ತೆ. ಹ್ಯಾಂಗೂ ಬೋಟು ಬಂದ್.”

ಅದು ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯ. ಚಿಕ್ಕಿ ಒಣಮೀನು ಮಾರಿ ಮಧ್ಯಾಹ್ನವೇ ಮನೆಗೆ ಬರುತ್ತಿದ್ದಳು. ಊಟವಾದ ಮೇಲೆ ಪಾಠ. ನಾನು ಓದಬೇಕು, ಅವಳು ಒಪ್ಪಬೇಕು. ಒಪ್ಪಿದರೆ ತಾನೆ!

ಮೊದಲ ದಿನವೇ ಬೇಡಿಕೆಯ ನಿಯಮ ನೆಲಕಚ್ಚಿತು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದೆ.

“ಸುಳ್ಳು! ಬಂಗಡೆ ರೇಟು ಒಮ್ಮೆಲೇ ಇಳ್ಸಿ ನೋಡು. ‘ನಿನ್ನೆದಾ?’ ಅಂತ ಮೂಸಿ ನೋಡಿ ಹೋಗ್ತ್ರು.”

ಮುಂದೆ ಗೇಮ್ ಥಿಯರಿ, ಅಂದರೆ ಎದುರಿನವರ ನಡೆ ಊಹಿಸಿ ನಮ್ಮ ನಡೆ ಇಡುವ ಲೆಕ್ಕ. ಪುಸ್ತಕದ ಉದಾಹರಣೆಯಲ್ಲಿ ಇಬ್ಬರು ಕೈದಿಗಳು, ಪಾಪ! ಬೇರೆ ಬೇರೆ ಕೋಣೆಯಲ್ಲಿದ್ದಾರೆ. ಇಬ್ಬರೂ ಸುಮ್ಮನಿದ್ದರೆ ಇಬ್ಬರಿಗೂ ಚೂರು ಶಿಕ್ಷೆ. ಒಬ್ಬನೇ ಬಾಯಿಬಿಟ್ಟರೆ ಅವನು ಪಾರು, ಇನ್ನೊಬ್ಬನಿಗೆ ವರ್ಷಗಟ್ಟಲೆ ಜೈಲೇ ಗತಿ. ಹಾಗಾಗಿ ಒಬ್ಬರನ್ನೊಬ್ಬರು ನಂಬದೆ ಇಬ್ಬರೂ ಬಾಯಿಬಿಟ್ಟು ಸಿಕ್ಕಿಬೀಳುತ್ತಾರೆ ಎಂದು ವಿವರಿಸಿದೆ. ಚಿಕ್ಕಿ ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟಳು.

“ಇಬ್ರೂ ಒಂದೇ ಊರ್ನವ್ರಾ?”

“ಪುಸ್ತಕದಲ್ಲಿ ಬರ್ದಿಲ್ಲ ಚಿಕ್ಕಿ.”

“ಒಂದೇ ಊರಾದ್ರೆ ಬಾಯಿ ಬಿಡೂದಿಲ್ಲ. ಮರುದಿನ ಮುಖ ತೋರ್ಸೂಕಿಲ್ವಾ?”

ಎರಡು ಪುಟ ತಿರುವಿದರೆ, ಆಟ ಮತ್ತೆ ಮತ್ತೆ ನಡೆಯುವಂತಿದ್ದರೆ ಆಟಗಾರರು ಸಹಕರಿಸಬಹುದೆಂದು ಪುಸ್ತಕವೂ ತೆಪ್ಪಗೆ ಒಪ್ಪಿಕೊಂಡಿತ್ತು!

ಪ್ರಯೋಗವೂ ಆಯಿತು. ಒಣಸೀಗಡಿಯ ರೇಟು ಇಳಿಸುವುದಿಲ್ಲವೆಂದು ಪಕ್ಕದಲ್ಲಿ ಕೂತು ಮಾರುವವಳ ಜೊತೆ ಚಿಕ್ಕಿ ಮಾತಾಡಿಕೊಂಡಳು. ಆಕೆ ಮರುದಿನವೇ ಇಳಿಸಿದಳು. ಅದರ ಮರುದಿನ ಚಿಕ್ಕಿ ಅವಳಿಗಿಂತ ಹೆಚ್ಚು ಇಳಿಸಿದಳು. “ಸಾಕು ಮಾರಾಯ್ತಿ” ಎಂದು ಆಕೆ ದಾರಿಗೆ ಬಂದಳು. ಚಿಕ್ಕಿ ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ಎಷ್ಟು ಮಾರ್ಕು?”

ಚಿಕ್ಕಿಯ ಒತ್ತಾಯಕ್ಕೆ ಮೂರನೇ ಸಲ ಕಟ್ಟಿದ ಪರೀಕ್ಷೆ ಇದ್ದದ್ದು ಹೊನ್ನಾವರದಲ್ಲಿ. ನಿಷೇಧ ಮುಗಿದು ಬೋಟುಗಳು ಮೀನು ತಂದ ಮೊದಲ ದಿನವೂ ಅದೇ. ಎರಡು ತಿಂಗಳು ಕಾದ ಪೇಟೆ ಮುಗಿಬೀಳುವ ದಿನ! ಬೆಳಿಗ್ಗೆ ನೋಡಿದರೆ ಚಿಕ್ಕಿ ಬುಟ್ಟಿಯಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. “ನೀ ಹೆದ್ರಿ ನಡು ದಾರಿಲಿ ಇಳ್ದು ಹೋದ್ರೆ?” ಎಂದು ನನ್ನ ಪಕ್ಕವೇ ಕೂತಳು.

ಮೊದಲ ಪ್ರಶ್ನೆ: ಅವಕಾಶ ವೆಚ್ಚ ಎಂದರೇನು? ಉದಾಹರಣೆ ಸಹಿತ ವಿವರಿಸಿ. ಒಂದನ್ನು ಆರಿಸಿಕೊಳ್ಳಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಎಂದು ಬರೆದೆ. ಉದಾಹರಣೆ ಹುಡುಕುತ್ತಾ ಕಿಟಕಿಯಾಚೆ ನೋಡಿದರೆ, ಮಳೆಯಲ್ಲಿ ಛತ್ರಿ ಹಿಡಿದು ಗೇಟಿನ ಬಳಿ ಚಿಕ್ಕಿ ಕೂತಿದ್ದಳು. ಅವಳನ್ನೇ ಬರೆದೆ. ಅರ್ಧಕ್ಕೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಮಂಜಾದವು.

ಪಾಸಾದದ್ದು ಆಮೇಲಿನ ಮಾತು. ಹೊರಗೆ ಬಂದು, “ಇವತ್ತಿನ ವ್ಯಾಪಾರ ಬಿಟ್ಟು ಯಾಕೆ ಬಂದೆ ಚಿಕ್ಕಿ?” ಎಂದು ಗದರಿದೆ.

“ಮೀನು ನಾಳೆನೂ ಬತ್ತದೆ ಮಗಾ,” ಎಂದಳು. “ನೀ ಇವತ್ತು ಬರೀದೇ ಇದ್ರೆ ಮತ್ತೆ ಯಾವತ್ತು ಬರೀತಿದ್ದೆ?”

ನನಗೆ ಅಳು ತಡೆಯಲಾಗಲಿಲ್ಲ. ಅವಳ ಒದ್ದೆ ಕೈ ಹಿಡಿದುಕೊಂಡೇ ಕುಮಟಾ ಬಸ್ಸು ಹತ್ತಿದೆ.